ಮಾವನವರಿಗೆ ಮೂರು ಕೆರೆ ತೋರಿಸಿದ್ದು

೧

ಇದರಲ್ಲಿ ಬರುವ ಒಂದೊಂದು ಮಾತೂ ನಿಜ ಎಂದು ಈ ಪೆನ್ನು ಹಿಡಿದು ಆಣೆ ಮಾಡುತ್ತೇನೆ. ಪೆನ್ನು ಗೆಳೆಯ ನಾಣಿಯದು. ಆಣೆ ಮಾತ್ರ ನನ್ನದೇ.

ಎಲ್ಲಿಂದ ಶುರು ಮಾಡುವುದು ಎನ್ನುವುದೇ ತೊಡಕು. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ಸೂರ್ಯ ಹುಟ್ಟಿದ. ನನ್ನ ಹೆಂಡತಿ ಯಶೋದಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಂಡು, "ಅವ್ನು ದಿನಾ ಹುಟ್ತಾನೆ, ಮುಂದಕ್ಕೋಗಿ" ಎಂದಳು. ಎರಡನೆಯದರಲ್ಲಿ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನಾಣಿಯ ಮಾರಿಸ್ ಕಾರು ಹಾಗೆ ಸ್ಟಾರ್ಟ್ ಆದದ್ದನ್ನು ರಾಜಾಜಿನಗರದಲ್ಲಿ ಯಾರೂ ಕಂಡಿಲ್ಲವಾದ್ದರಿಂದ ಅದನ್ನೂ ಬಿಟ್ಟೆ. ಮೂರನೆಯದು ಸತ್ಯದಿಂದಲೇ ಶುರುವಾಗಿತ್ತು. ಅದನ್ನು ಒಲೆಗೆ ಹಾಕಿ, ಬೂದಿ ತಣ್ಣಗಾಗುವವರೆಗೆ ಅಲ್ಲೇ ನಿಂತಿದ್ದೆ.

(ಓದುಗರಿಗೆ ಒಂದು ಏರ್ಪಾಡು ತಿಳಿಸಬೇಕು. ಈ ಕತೆಯನ್ನು ನಾನು ನನ್ನ ಮಾವ ಚಿಕ್ಕಮುನಿಯಪ್ಪನವರಿಗೆ ಓದಿ ಹೇಳುತ್ತಿದ್ದೇನೆ. ಅವರಿಗೆ ಓದು ಬರುವುದಿಲ್ಲ. ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತ ಕೇಳುತ್ತಾರೆ. ಬ್ರಾಕೆಟ್ಟಿನೊಳಗೆ ಇರುವುದನ್ನು ಅವರಿಗೆ ಓದುವುದಿಲ್ಲ. ಅದು ನಿಮಗೆ ಮಾತ್ರ.)

(ಮಾವನವರು ಗಿಡ್ಡಮ್ಮನ ಕೆರೆಯ ನೀರುಗಂಟಿ. ಎಂದರೆ ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವರು. ಅವರ ಅಪ್ಪ, ತಾತ ಎಲ್ಲ ಅದೇ. ೧೯೫೭ರ ಏಪ್ರಿಲ್‌ನಲ್ಲಿ ಏರಿ ಕಡಿದು ಕೆರೆಯನ್ನು ಲೇಔಟ್ ಮಾಡುವುದೆಂದಾಯಿತು. "ಏರಿ ಕಡಿಯೋರು ಮೊದ್ಲು ನನ್ನ ಕಡೀಲಿ" ಎಂದು ಮಾವನವರು ಏರಿಯ ಮೇಲೆ ಚಾಪೆ ಹಾಸಿ ಮಲಗಿಬಿಟ್ಟರು. ಕಂಟ್ರಾಕ್ಟರ್ ಶಂಭುಲಿಂಗಪ್ಪ ನನ್ನನ್ನು ಕರೆಸಿ, "ಮುದುಕ್ರನ್ನ ಒಂದ್ ವಾರ ಎಲ್ಲಾದ್ರೂ ಸುತ್ತಾಡ್ಸ್ಕೊಂಡ್ ಬಾರಪ್ಪ. ಮೂಲೆ ಸೈಟು ನಿಂಗೇ ಮಾಡಿಸ್ತೀನಿ" ಎಂದ. ನಾನು ಕರೆದುಕೊಂಡು ಹೋದೆ. ಹಿಂತಿರುಗುವಷ್ಟರಲ್ಲಿ ಕೆರೆ ಇರಲಿಲ್ಲ. ನಾವೀಗ ಕೂತಿರುವ ಜಗಲಿ ಆ ಮೂಲೆ ಸೈಟಿನದು.

ಎರಡು ವರ್ಷವಾಯಿತು, ಮಾವನವರಿಗೆ ಹೇಳಿಲ್ಲ. ಹೋದ ತಿಂಗಳು ಯಶೋದೆ ಸಾರು ಬಡಿಸುತ್ತಿದ್ದವಳು ಸೌಟು ನಿಲ್ಲಿಸಿ, "ನಂಗೆಲ್ಲಾ ಗೊತ್ತು. ನೀವಾಗ್ ನೀವೇ ನಮ್ಮಪ್ಪಂಗೆ ಹೇಳಿ. ಹೇಳೋವರ್ಗೂ ನಾನ್ ನಿಮ್ಗೆ ಬಡ್ಸಲ್ಲ" ಎಂದಳು. ಅಂದಿನಿಂದ ನಾನೇ ಬಡಿಸಿಕೊಂಡು ಉಣ್ಣುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ಆಗದೆ ಕತೆ ಬರೆಯುತ್ತಿದ್ದೇನೆ. ಪ್ರವಾಸ ಶುರುವಾದರೆ ಹೇಗೂ ವಾಪಸ್ ಬರಲೇಬೇಕಲ್ಲ.)

೨

ಒಂದು ಗುರುವಾರ ಬೆಳಿಗ್ಗೆ ಹೊರಟೆವು. ಕಾರು ಓಡಿಸಿದವನು ನನ್ನ ಗೆಳೆಯ ನಾಣಿ. ಮಾವನವರನ್ನು ಹೊರಡಿಸಿದ್ದು ನನ್ನ ಒಂದೇ ಒಂದು ಮಾತು.

"ಬೆಟ್ಟದ ಮೇಲೆ ಕೆರೆ ಇದಾವೆ ಮಾವ. ಬೇಸಿಗೇಲೂ ತುಂಬಿರ್ತವೆ."

"ಬೆಟ್ಟದ ಮೇಲ್ ನೀರು ನಿಲ್ತದಾ? ಇಳ್ದೋಗಲ್ವಾ?"

"ಬಂದು ನೋಡಿ."

ಅವರು ಚಾಪೆ ಸುತ್ತಿ ಎದ್ದರು. ನೀರುಗಂಟಿ ಊರಿನ ಗಡಿ ದಾಟುವ ಮೊದಲು ತೂಬನ್ನು ಒಬ್ಬರ ವಶಕ್ಕೆ ಕೊಟ್ಟು ಹೋಗಬೇಕು. ವೀಳ್ಯದೆಲೆಯ ಮೇಲೆ ಕೆರೆಯ ನೀರು ಹನಿಸಿ ಕೈಗಿಡುವುದು ಪದ್ಧತಿ. ಅದು ಗಂಡಸರಿಗೆ. ಮನೆಯಲ್ಲಿದ್ದ ಒಬ್ಬ ಗಂಡಸು, ಅಳಿಯ, ಆಗಲೇ ಕಾರಿನ ಮುಂದಿನ ಸೀಟು ಹಿಡಿದು ಕೂತಿದ್ದ. ಮಾವನವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಗಳನ್ನು ಕರೆದು ಎಲೆ ಕೊಟ್ಟು, ಕಿವಿಯಲ್ಲಿ ಏನೋ ಹೇಳಿದರು.

(ಏನು ಹೇಳಿದರು ಎಂದು ಬರೆಯುವಾಗ ಯಶೋದೆಯನ್ನು ಕೇಳಿದೆ. "ಅದು ನಿಮ್ ಕತೇಲಿಲ್ಲ" ಎಂದಳು. ಪಾತ್ರಗಳು ಹೀಗೆ ತಿರುಗಿಬಿದ್ದರೆ ಲೇಖಕ ಏನು ಮಾಡಬೇಕು?)

೩

ಸೇಲಂನಿಂದ ಏರ್ಕಾಡಿಗೆ ಇಪ್ಪತ್ತು ತಿರುವು. ಹದಿಮೂರನೆಯದರಲ್ಲಿ ಕಾರು ಮೇಲೆ ಹತ್ತಲು ಒಪ್ಪಲಿಲ್ಲ. ನಾಣಿ ಅದನ್ನು ಹಿಂದುಮುಂದಾಗಿ ತಿರುಗಿಸಿ ರಿವರ್ಸ್ ಗೇರಿನಲ್ಲೇ ಹತ್ತಿಸಿದ. ಹೀಗಾಗಿ ಏರ್ಕಾಡಿನ ಜನಕ್ಕೆ ನಾವು ಊರು ಬಿಟ್ಟು ಹೋಗುತ್ತಿರುವವರಂತೆ ಕಂಡೆವು. ಇಬ್ಬರು ಕೈಬೀಸಿ ಬೀಳ್ಕೊಟ್ಟರು.

"ಸುಳ್ಳು" ಎಂದರು ಮಾವನವರು ಜಗಲಿಯಿಂದ. "ನಾನೂ ನೀವೂ ಇಳ್ದು ತಳ್ಳಿದ್ವಿ. ನಿಮ್ ಚಪ್ಲಿ ಕಿತ್ತೋಯ್ತು."

ಚಪ್ಪಲಿ ಕಿತ್ತುಹೋಯಿತು ಎಂದು ತಿದ್ದಿಕೊಂಡೆ.

ಕೆರೆ ಕಂಡ ಕೂಡಲೇ ಮಾವನವರು ತೂಬು ಹುಡುಕಲು ಹೊರಟರು. ಪೂರ್ತಿ ಒಂದು ಸುತ್ತು ಬಂದು, ಬೆವರು ಒರೆಸಿಕೊಳ್ಳುತ್ತ ಕೇಳಿದರು.

"ಇದ್ರ ಕೆಳ್ಗೆ ಗದ್ದೆ ಎಲ್ಲಿ, ಅಳಿಯಂದ್ರೆ?"

"ಗದ್ದೆ ಇಲ್ಲ ಮಾವ. ಇದು ನೋಡೋಕೆ ಅಂತ ಇರೋ ಕೆರೆ."

"ನೋಡೋದ್ರಲ್ಲಿ ಯಾರ್ ಪಾಲು ಎಷ್ಟು?"

"ಪಾಲಿಲ್ಲ. ಯಾರ್ ಬೇಕಾದ್ರೂ ಎಷ್ಟೊತ್ ಬೇಕಾದ್ರೂ ನೋಡ್ಬಹುದು."

ಅವರು ಟವಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಜಗಳ ಆಗಲ್ವಾ?"

೫

(೪ ಇಲ್ಲ. ಅದರಲ್ಲಿ ಆನೆ ಇತ್ತು. ನಾಣಿ ಬಂದು ಓದಿ, "ಲೋ, ಆನೆ ಇರ್ಲಿಲ್ಲ ಕಣೋ, ಎಮ್ಮೆ" ಎಂದ. ಎಮ್ಮೆಗೋಸ್ಕರ ಒಂದು ಅಧ್ಯಾಯ ಯಾರು ಕೊಡುತ್ತಾರೆ?)

ಶನಿವಾರ ಕೊಡೈಕನಾಲ್. ಅಲ್ಲಿ ಕೆರೆಯ ದಡದಲ್ಲಿ ಒಬ್ಬ ವಯಸ್ಸಾದವನು ಸೀಟಿ ಹಿಡಿದು ನಿಂತಿದ್ದ. ಅವನು ಸೀಟಿ ಊದಿದರೆ ಒಂದು ದೋಣಿ ಹೊರಡುತ್ತಿತ್ತು, ಇನ್ನೊಮ್ಮೆ ಊದಿದರೆ ಒಂದು ವಾಪಸ್ ಬರುತ್ತಿತ್ತು. ಸೂಟು ಹಾಕಿದವರೂ ಸಾಲಿನಲ್ಲಿ ನಿಂತು ಕಾಯುತ್ತಿದ್ದರು. ಯಾರಿಗೂ ಒಂದು ನಿಮಿಷ ಹೆಚ್ಚಿಲ್ಲ.

ಮಾವನವರ ಮುಖ ಅರಳಿತು. "ಇವ್ರು ಇಲ್ಲಿನ ನೀರುಗಂಟಿ."

"ಅಲ್ಲ ಮಾವ, ದೋಣಿ ಟಿಕೆಟ್ನೋನು."

"ನಿಮ್ಗೇನ್ ಗೊತ್ತು. ಸರದಿ ನೋಡಿ, ಹೆಂಗ್ ಬಿಡ್ತಾ ಅವ್ರೆ."

ಇನ್ನೊಬ್ಬರ ಕೆರೆಗೆ ಹೋದ ನೀರುಗಂಟಿ ಅಲ್ಲಿನವನಿಗೆ ಎಲೆ ಅಡಿಕೆ ಕೊಡದೆ ನೀರಿಗೆ ಕೈ ಅದ್ದಬಾರದು. ಮಾವನವರು ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ಕೊಟ್ಟರು. ಆತ ತಮಿಳಿನಲ್ಲಿ ಏನೋ ಹೇಳಿದ, ಇವರು ಕನ್ನಡದಲ್ಲಿ ಏನೋ ಹೇಳಿದರು, ಇಬ್ಬರೂ ತಲೆಯಾಡಿಸಿದರು. ಒಂದು ಗಂಟೆ ಪಕ್ಕಪಕ್ಕ ಕೂತಿದ್ದರು. ಏಳುವಾಗ ಆತ ಜೇಬಿನಿಂದ ಇನ್ನೊಂದು ಹಳೆಯ ಸೀಟಿ ತೆಗೆದು ಮಾವನವರ ಕೈಗಿಟ್ಟ.

"ಇದು ನಿಜ" ಎಂದರು ಮಾವನವರು, ಜಗಲಿಯಿಂದ. ಸೀಟಿ ಈಗಲೂ ಅವರ ಕೊರಳಿನಲ್ಲಿದೆ.

೬

ಊಟಿಯಲ್ಲಿ ಮಾವನವರು ಕೆರೆಯ ತೂಬನ್ನು ಕಂಡುಹಿಡಿದು ತೆಗೆದೇಬಿಟ್ಟರು. ಅರ್ಧ ಗಂಟೆಯಲ್ಲಿ ಬೆಟ್ಟದ ಕೆಳಗಿನ ಮೇಟುಪಾಳ್ಯದ ಬಾಳೆತೋಟಗಳೆಲ್ಲ

"ಇನ್ನೊಬ್ರ ತೂಬು ನಾನ್ಯಾಕ್ ತೆಗೀಲಿ?"

ಆ ಸಾಲನ್ನು ಹೊಡೆದು ಹಾಕಿದೆ. ಮಾವನವರು ನಗಲಿಲ್ಲ.

೬, ಮತ್ತೆ

ಸೋಮವಾರ ಬೆಳಿಗ್ಗೆ ಊಟಿಯ ರೇಸ್ ಕೋರ್ಸಿನ ಬೇಲಿ ಹಿಡಿದು ನಿಂತಿದ್ದೆವು. ಕುದುರೆಗಳನ್ನು ಓಡಿಸಿ ಪಳಗಿಸುತ್ತಿದ್ದರು. ಕನ್ನಡ ಬಲ್ಲ ಕಡಲೆಕಾಯಿಯವನೊಬ್ಬ, "ಇಲ್ಲೆಲ್ಲಾ ಮುಂಚೆ ಕೆರೆನೇ ಇತ್ತಂತೆ" ಎಂದ. ಅವನನ್ನು ಯಾರೂ ಕೇಳಿರಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಮಾವನವರು ಕುದುರೆಯ ಗೊರಸಿನಿಂದ ಏಳುವ ಧೂಳನ್ನು ನೋಡುತ್ತಿದ್ದರು. "ಕುದ್ರೆಗ್ ಗೊತ್ತಾ?" ಎಂದರು.

ಆಮೇಲೆ, "ಇವತ್ ಸೋಮವಾರ ಅಲ್ವಾ. ಟೈಮೆಷ್ಟು?"

"ಒಂಬತ್ತೂವರೆ."

ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೇಳಿದರು. ಮೂರನೆಯ ಸಲ ಕೇಳಿದಾಗ ಸರಿಯಾಗಿ ಹತ್ತು. ಅವರು ಚಪ್ಪಲಿ ಬಿಟ್ಟು, ಟವಲ್ಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಸುತ್ತಿ, ಬೆಂಗಳೂರಿನ ದಿಕ್ಕಿಗೆ ತಿರುಗಿ ನಿಂತರು. ನಾಣಿ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದ.

(ಇದಕ್ಕೆ ಒಂದು ಹೋಲಿಕೆ ಕೊಡೋಣವೆಂದು ಎರಡು ದಿನ ಯೋಚಿಸಿದೆ. ಯಾವುದೂ ಒಗ್ಗಲಿಲ್ಲ. ಟವಲ್ ಸುತ್ತಿಕೊಂಡು ನಿಂತರು, ಅಷ್ಟೇ.)

೭

ಮೈಸೂರಿನ ಮೇಲೆ ವಾಪಸ್ ಬಂದು ಬುಧವಾರ ಕೆಂಗೇರಿ ಮುಟ್ಟಿದೆವು. ಅಲ್ಲಿ ನಾನು ಎರಡು ಸಲ ಕಾಫಿ ಕುಡಿದೆ. ಮೂರನೆಯದಕ್ಕೆ ಹೇಳುವಾಗ ಮಾವನವರು, "ನಡೀರಿ, ಹೆಂಗೂ ಹೋಗ್ಬೇಕಲ್ಲ" ಎಂದರು.

ಈಗ ಕೊನೆ. ಮೂರು ಬರೆದಿಟ್ಟುಕೊಂಡಿದ್ದೇನೆ.

ಮೊದಲನೆಯದು: ಕಾರು ಏರಿ ಹತ್ತುತ್ತದೆ, ಕೆರೆ ಇದ್ದ ಹಾಗೇ ಇದೆ, ಕೊಕ್ಕರೆಗಳೂ ಇವೆ. ಇದು ನನಗೆ ಇಷ್ಟವಾದದ್ದು. ತೊಂದರೆ ಏನೆಂದರೆ ಇದನ್ನು ಕೇಳುತ್ತಿರುವವರು ಕೆರೆಯ ಅಂಗಳದಲ್ಲೇ ಕೂತಿದ್ದಾರೆ.

ಎರಡನೆಯದು: ಮಾವನವರು ನನ್ನ ಕಪಾಳಕ್ಕೆ ಬಾರಿಸುತ್ತಾರೆ. ಇದನ್ನು ಓದಿದಾಗ ಅವರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು.

ಮೂರನೆಯದು ನಡೆದದ್ದು: ಏರಿ ಎರಡು ತುಂಡಾಗಿತ್ತು. ಮನೆಯ ಗೋಡೆಗೆ ತೂಬಿನ ಮರದ ಬಿರಡೆ ತೊಳೆದು ಒರಗಿಸಿಟ್ಟಿತ್ತು. ಮಾವನವರು ಕಾರಿನಿಂದ ಇಳಿದು ಮಗಳನ್ನು ಕೇಳಿದ್ದು ಒಂದೇ ಮಾತು. "ಕೊನೇ ಗದ್ದೇಗೂ ಹೋಯ್ತಾ?" "ಹೋಯ್ತಪ್ಪ" ಎಂದಳು. ಅವರು ಒಳಗೆ ಹೋಗಿ ಮುದ್ದೆ ಉಂಡರು.

(ಇಲ್ಲಿ ಓದು ನಿಲ್ಲಿಸಿ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

"ಯಾವ್ ಗದ್ದೆ? ಏನ್ ಹೋಯ್ತು?" ಎಂದು ಕೇಳಿದೆ. ಎರಡು ವರ್ಷದಲ್ಲಿ ಮೊದಲ ಸಲ.

ಯಶೋದೆ ಮೊರ ಕೆಳಗಿಟ್ಟಳು. "ಎಲೆ ಕೊಟ್ಟಾಗ ಅಪ್ಪ ಹೇಳಿದ್ದು ಇದು. 'ನಿನ್ ಗಂಡ ನನ್ನ ಸುಮ್ ಸುಮ್ನೆ ಕಾರಲ್ ಕೂರ್ಸೋನಲ್ಲ. ಮಂಗಳವಾರ ಏರಿ ಕಡೀತಾರೆ, ಗುದ್ದಲಿ ಹಾರೆ ಎಲ್ಲಾ ತಂದ್ ಇಳ್ಸವ್ರೆ. ನಾನ್ ಎಷ್ಟ್ ದಿನ ಮಲ್ಗಾದು. ಸೋಮವಾರ ಹತ್ ಗಂಟೆಗೆ ನೀನು ತೂಬು ತೆಗ್ದುಬಿಡು, ಮುಚ್ಬೇಡ. ಏರಿ ಒಡ್ದು ಹೋಗೋ ನೀರು ಚರಂಡಿ ಪಾಲು. ತೂಬಲ್ ಹೋದ್ರೆ ಗದ್ದೆಗಾದ್ರೂ ಹೋಗ್ತದೆ.' ಸೈಟಿನ ಕಲ್ಲು ನೆಟ್ಟಿದ್ ಗದ್ದೆಗೆಲ್ಲಾ ನಾನೇ ಹಾಯಿಸ್ದೆ. ಸರದಿ ಪ್ರಕಾರ."

"ಹಂಗಾದ್ರೆ ಅವ್ರಿಗೆ ಗೊತ್ತು."

"ಗೊತ್ತು."

"ಮತ್ತೆ ನಾನ್ಯಾಕ್ ಹೇಳ್ಬೇಕು?"

"ಅವ್ರಿಗ್ ಗೊತ್ತಿರೋದು ಬೇರೆ ರೀ. ನೀವ್ ಹೇಳೋದು ಬೇರೆ."

ಅಲ್ಲಿದ್ದ ನನ್ನ ತಟ್ಟೆ ಬೋರಲು ಬಿದ್ದಿತ್ತು. ನೀರು ಕುಡಿಯದೆ ಹೊರಗೆ ಬಂದೆ.)

೮

ಇಲ್ಲಿಂದ ಬ್ರಾಕೆಟ್ ಇಲ್ಲ.

ಜಗಲಿಗೆ ಬಂದು ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಮೊದಲನೆಯ ಪುಟದಲ್ಲಿ ಹಾರಿಸಿ ಓದಿದ್ದ ಜಾಗ ಸಿಕ್ಕಿತು.

"ಮಾವ, ಒಂದ್ ಕಡೆ ಓದೋದು ಬಿಟ್ಟಿದ್ದೆ. ಆ ಟೂರು ನಿಮ್ಗೆ ಕೆರೆ ತೋರ್ಸೋಕಲ್ಲ. ನಿಮ್ಮನ್ನ ಏರಿ ಮೇಲಿಂದ..."

ಎದುರಿನ ಬೀದಿಯ ನಲ್ಲಿ ಬುಸ್ ಎಂದಿತು. ನಾಲ್ಕು ಗಂಟೆ. ದಿನಕ್ಕೆ ಒಂದು ಸಲ, ಒಂದು ಗಂಟೆ ಬರುವ ನೀರು. ಆಗಲೇ ಇಪ್ಪತ್ತು ಕೊಡ ಸಾಲು ಹಿಡಿದಿದ್ದವು. ಮಾವನವರು ಎದ್ದರು. ಟವಲ್ಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಸುತ್ತಿದರು. ಮೆಟ್ಟಿಲು ಇಳಿದವರು ತಿರುಗದೆಯೇ ಹೇಳಿದರು.

"ನೀವ್ ಓದಿ, ಅಳಿಯಂದ್ರೆ. ನಿಲ್ಲಿಸ್ಬೇಡಿ. ಅಲ್ಲಿಗೂ ಕೇಳ್ಬೇಕು, ಒಸಿ ಗಟ್ಟಿಯಾಗೋದಿ."

ಸೀಟಿ ಕೇಳಿಸಿತು. ಮೊದಲನೆಯ ಕೊಡ ನಲ್ಲಿಯ ಕೆಳಗೆ ಹೋಯಿತು. ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ಹಿಂದೆ ಆ ಕೆರೆಯ ಕೆಳಗೆ ಗದ್ದೆ ಮಾಡಿದವರು. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ಒಳಗೆ ತಟ್ಟೆಯ ಸದ್ದಾಯಿತು. ಎತ್ತಿಟ್ಟಳೋ, ನೆಟ್ಟಗೆ ಮಾಡಿಟ್ಟಳೋ, ಇಲ್ಲಿಂದ ಕಾಣುವುದಿಲ್ಲ. ನಾನು ಎದ್ದು ನಿಂತು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಓದಿದೆ:

ಹತ್ತೊಂಬೈನೂರ ಐವತ್ತೇಳನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ನಾನು ನಮ್ಮ ಮಾವನವರನ್ನು