ಗುಡ್ಡನ ಸನ್ಮಾನ

ಶಾಲು ಹೊದೆಸುವ ಕೆಲಸ ಎರಡು ಸಲ ನಡೆಯಿತು. ಮೊದಲ ಸಲ ಪ್ರಾಂತ್ಯಾಧ್ಯಕ್ಷರ ಮುಖ ಫೋಟೋದಲ್ಲಿ ಅರ್ಧವೇ ಬಂದಿತ್ತಂತೆ. ಹೊದೆಸಿದ್ದನ್ನು ತೆಗೆದು, ಮಡಚಿ, ಗುಡ್ಡನನ್ನು ಕುರ್ಚಿ ಸಮೇತ ಒಂದು ಮೊಳ ಎಡಕ್ಕೆ ಸರಿಸಿದರು. ಕ್ಲಬ್ಬಿನ ಅಧ್ಯಕ್ಷ ಉಮಾನಾಥ ಕ್ಯಾಮೆರಾದ ಕಡೆಗೇ ನೋಡುತ್ತ ಮತ್ತೊಮ್ಮೆ ಹೊದೆಸಿದರು. ಗುಡ್ಡನ ಕಡೆ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ. ಯಾರದೋ ತಲೆಯ ಅಳತೆಗೆ ತಂದಿದ್ದ ಪೇಟ ಅವನ ಕಿವಿಯ ತನಕ ಇಳಿದಿತ್ತು. ಅದನ್ನು ಮೇಲೆ ತಳ್ಳಲು ಕೈಯಲ್ಲಿ ಹಣ್ಣಿನ ಬುಟ್ಟಿ ಅಡ್ಡಿಯಾಗಿತ್ತು.

ತೆಕ್ಕಟ್ಟೆಯ ಹೆದ್ದಾರಿ ಬದಿಯ ಸಭಾಭವನದಲ್ಲಿ ಸುವರ್ಣ ಸೇವಾ ಕ್ಲಬ್ಬಿನ ಸಭೆ ಅದು. ಊರಿನಲ್ಲಿ ಟೈಲ್ಸ್ ಅಂಗಡಿಯ ಉಮಾನಾಥ ಎನ್ನಿಸಿಕೊಂಡವರು ಈ ಬಾಗಿಲು ದಾಟಿದ ಕೂಡಲೇ ‘ಸೇವಾಬಂಧು ಉಮಾನಾಥ’ ಆಗುತ್ತಿದ್ದರು. ಎಲ್ಲ ಸದಸ್ಯರೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯಬೇಕೆಂದು ನಿಯಮ. ಕಾರ್ಯದರ್ಶಿ ಸುಧೀರ್ ಆ ವರ್ಷದ ವರದಿ ಓದಿದ. ಪರಿಸರ ದಿನಕ್ಕೆ ಶಾಲೆಯ ಅಂಗಳದಲ್ಲಿ ಗಿಡ ನೆಟ್ಟಿದ್ದರು, ಕಳೆದೆರಡು ವರ್ಷ ನೆಟ್ಟ ಹೊಂಡದಲ್ಲೇ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಬ್ರೆಡ್ ಹಂಚಿದ್ದರು. ಪರದೆಯ ಮೇಲೆ ಅದರ ಚಿತ್ರ ಬಂತು: ಒಂದು ಪೊಟ್ಟಣವನ್ನು ಹಿಡಿದುಕೊಂಡ ಆರು ಕೈಗಳು, ಅವುಗಳ ಹಿಂದೆ ಎಲ್ಲೋ ಒಂದು ಮಂಚದ ಕಾಲು. ನೀರಿನ ನಲ್ಲಿಯೇ ಇಲ್ಲದ ಶಾಲೆಯೊಂದರಲ್ಲಿ ಮಕ್ಕಳಿಗೆ ಕೈ ತೊಳೆಯುವ ಕ್ರಮ ಕಲಿಸಿದ್ದರು. ಪ್ರತಿ ಚಿತ್ರಕ್ಕೂ ಮೊದಲೆರಡು ಸಾಲಿನವರು ಚಪ್ಪಾಳೆ ತಟ್ಟಿದರು. ಚಿತ್ರದಲ್ಲಿ ಇದ್ದವರೂ ಅವರೇ.

ಗುಡ್ಡನ ಹೆಂಡತಿ ಸರಸ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಮೊದಲು ಎರಡನೆಯ ಸಾಲಿನಲ್ಲೇ ಕೂತಿದ್ದಳು; ಅದು ಸದಸ್ಯರ ಮನೆಯವರಿಗೆ ಎಂದು ಎಬ್ಬಿಸಿದ್ದರು.

ಗುಡ್ಡ ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವನು. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಹಳೇ ಜೆಟ್ಟಿಯ ತುದಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದಾಗ ಫೋಟೋ ತೆಗೆಯಲು ಬಂದ ಮೂವರು ಕಾಲೇಜು ಮಕ್ಕಳು ಪಾಚಿಯ ಮೇಲೆ ಜಾರಿ ನೀರಿಗೆ ಬಿದ್ದರು. ಇಳಿತದ ಹೊತ್ತು, ಹೊಳೆ ಕಡಲಿಗೆ ಎಳೆಯುತ್ತಿತ್ತು. ಗುಡ್ಡ ಹಾರಿ ಒಬ್ಬ ಹುಡುಗನನ್ನು ತಂದ, ಮತ್ತೆ ಹೋಗಿ ಇನ್ನೊಬ್ಬನನ್ನು ತಂದ. ಮೂರನೆಯ ಸಲ ಹೋದವನು ಬರಿಗೈಯಲ್ಲಿ ಬಂದ. ಅವತ್ತಿನಿಂದ ಅವನಿಗೆ ಬಲಗೈ ಮುಷ್ಟಿ ಹಿಡಿದುಕೊಂಡೇ ಮಲಗುವ ಅಭ್ಯಾಸವಾಗಿತ್ತು. ಸರಸ ಕಂಡಿದ್ದಳು, ಕೇಳಿರಲಿಲ್ಲ.

ಸುಧೀರ್ ಬಾಗಿಲಲ್ಲೇ ಅವನಿಗೆ ತಾಕೀತು ಮಾಡಿದ್ದ. “ಹ್ವಾಯ್ ಗುಡ್ಡಣ್ಣ, ಸತ್ತ್ ಹೋದ್ ಹೆಣ್ಣಿನ್ ಸುದ್ದಿ ತೆಗೂದ್ ಬ್ಯಾಡ. ಶುಭ ಕಾರ್ಯಕ್ರಮ, ಪ್ರಾಂತ್ಯಾಧ್ಯಕ್ಷರ್ ಬಂದಿರ್. ಎರಡ್ ಮಾತ್ ಹೇಳಿ ಧನ್ಯವಾದ ಅಂದ್ಹೇಳಿ ಕೂಕಣಿ.”

ಅಭಿನಂದನಾ ಪತ್ರದಲ್ಲೂ ಹಾಗೆಯೇ ಇತ್ತು. ‘ಅಪಾಯಕ್ಕೆ ಸಿಲುಕಿದ ಇಬ್ಬರು ವಿದ್ಯಾರ್ಥಿಗಳನ್ನು ಪಾರುಮಾಡಿದ ಕಡಲವೀರ.’ ಕೇಳುತ್ತ ಕೇಳುತ್ತ ಗುಡ್ಡನ ಮುಖ ಕೆಂಪಾಯಿತು. ಮೈಕು ಕೈಗೆ ಬಂದಾಗ ಅವನು ಮೊದಲು ಪೇಟ ತೆಗೆದು ಕುರ್ಚಿಯ ಮೇಲಿಟ್ಟ.

“ನಂಗೆ ಮಾತಾಡೂಕ್ ಬತ್ತಿಲ್ಲ,” ಎಂದ. “ಇವ್ರ್ ಇಬ್ರ್ ಅಂದ್ಹೇಳಿ ಓದ್ರ್. ಬಿದ್ದದ್ದ್ ಮೂರ್ ಜನ. ಮೂರನೇದ್ ನವ್ಯಾ ಅಂದ್ಹೇಳಿ, ಕೊಕ್ಕರ್ಣೆ ಬದಿ ಹೆಣ್ಣ್. ಅದ್ರ್ ಕೈ ನಂಗೆ ಸಿಕ್ಕಿತ್ತ್. ನನ್ ಉಸ್ರ್ ಮುಗ್ದಿತ್ತ್. ಬಳ್ಳಿ ಬಿಸಾಡಿ, ಹಗ್ಗ ಬಿಸಾಡಿ ಅಂದ್ಹೇಳಿ ಕೂಗ್ದೆ. ಜೆಟ್ಟಿ ಮೇಲೆ ಇಪ್ಪತ್ ಜನ ಇದ್ದಿರ್. ಬಳ್ಳಿ ಇರ್ಲಿಲ್ಲ. ಮೊಬೈಲ್ ಇತ್ತ್.”

ಸುಧೀರ್ ಪಕ್ಕದಲ್ಲಿ ನಿಂತು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ.

“ಅಲ್ಲೊಂದ್ ಗಾಳಿ ತುಂಬ್ಸಿದ್ ಲಾರಿ ಟೂಬ್, ಒಂದ್ ಉದ್ದ ಬಳ್ಳಿ ಕಟ್ಟಿ ಇಟ್ರೆ ಸಾಕ್. ನಿಮ್ಮಂಥ ದೊಡ್ಡವ್ರ್ ಮಾಡಿರೆ ಆತ್ತ್. ನಂಗೆ ಇದೆಲ್ಲ ಬ್ಯಾಡಾಯ್ತ್.”

ಪ್ರಾಂತ್ಯಾಧ್ಯಕ್ಷ ರತೀಶ್ ಚಪ್ಪಾಳೆ ತಟ್ಟಿದ್ದನ್ನು ಕಂಡ ಮೇಲೆ ಎಲ್ಲರೂ ತಟ್ಟಿದರು, ಕೆಲವರು ಎದ್ದು ನಿಂತೇ ತಟ್ಟಿದರು. ಇಂಥ ಹೃದಯಸ್ಪರ್ಶಿ ಮಾತನ್ನು ತಮ್ಮ ಇಡೀ ಪ್ರವಾಸದಲ್ಲಿ ಕೇಳಿಲ್ಲವೆಂದು ರತೀಶ್ ಹೇಳಿದರು. ಇದೇ ಈ ವರ್ಷದ ನಮ್ಮ ಶಾಶ್ವತ ಯೋಜನೆ ಎಂದು ಉಮಾನಾಥ ಅಲ್ಲೇ ಘೋಷಿಸಿದರು. ಮತ್ತೆ ಚಪ್ಪಾಳೆ. ಊಟಕ್ಕೆ ಸದಸ್ಯರೇ ಮೊದಲು ತಟ್ಟೆ ಹಿಡಿದರು. ಗುಡ್ಡ, ಸರಸ ಕೈ ತೊಳೆದು ಬರುವಾಗ ಕೋಳಿ ಮುಗಿದು ಸಾರು ಉಳಿದಿತ್ತು.

ಬಸ್ಸಿನಲ್ಲಿ ಸರಸ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. “ನಮ್ಮನಿ ಅಟ್ಟದ್ ಮೇಲೆ ಬಳ್ಳಿ ಇಲ್ದಾ? ಅವ್ರ್ ಹತ್ರ ಎಂತಕ್ ಕೇಂಡದ್ದ್?”

“ನಾವ್ ಕಟ್ಟಿರೆ ಯಾರಾರೂ ಬಿಚ್ಕಂಡ್ ಹೋತ್ರ್. ದೊಡ್ಡವ್ರ್ ಕಟ್ಟಿರೆ ಯಾರೂ ಮುಟ್ಟುದಿಲ್ಲ.”

“ದೊಡ್ಡವ್ರ್!” ಎಂದಳು ಸರಸ. “ಕೂತಲ್ಲಿಂದ ನನ್ನ ಎಬ್ಸಿರ್, ಕಂಡಿದ್ಯಾ?”

ಅವನು ಕಂಡಿದ್ದ. ಆದರೂ ಕಾದ. ಮೂರು ವಾರ ಕಳೆಯಿತು. ಬೋಟಿನಿಂದ ಇಳಿದಾಗಲೆಲ್ಲ ಜೆಟ್ಟಿಯ ತುದಿಗೆ ಹೋಗಿ ನೋಡಿ ಬರುತ್ತಿದ್ದ. ನಾಲ್ಕನೆಯ ವಾರ ಒಗೆದ ಅಂಗಿ ಹಾಕಿಕೊಂಡು ಉಮಾನಾಥರ ಅಂಗಡಿಗೆ ಹೋದ. ಒಳಗೆ ಹೆಜ್ಜೆ ಇಡಲೂ ಹೆದರಿಕೆಯಾಗುವಷ್ಟು ನೆಲ ಹೊಳೆಯುತ್ತಿತ್ತು. ಅವನು ಚಪ್ಪಲಿ ಹೊರಗೆ ಬಿಟ್ಟ.

“ಬನ್ನಿ ಬನ್ನಿ, ಕೆಲ್ಸ ಜೋರ್ ನಡೀತಿತ್ತ್,” ಎಂದರು ಉಮಾನಾಥ. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಅದರಲ್ಲಿ ಒಂದು ದೊಡ್ಡ ಬೋರ್ಡಿನ ಚಿತ್ರವಿತ್ತು. “ಫೋಟೋ ವಿಷ್ಯದಂಗೆ ಸ್ವಲ್ಪ ತಡ ಆಯ್ತ್. ಮಾಜಿ ಅಧ್ಯಕ್ಷರ್ ಮೇಲೆ ಬರ್ಕಾ, ಖಜಾಂಚಿ ಮೇಲೆ ಬರ್ಕಾ ಅಂದ್ಹೇಳಿ ಮೂರ್ ಮೀಟಿಂಗ್ ಆಯ್ತ್ ಮಾರಾಯ. ಒಬ್ರ್ ರಾಜೀನಾಮೆ ಬರ್ದೇ ಕೊಟ್ಟಿರ್. ಕಡಿಗೆ ಇಬ್ರನ್ನೂ ಸಾಲಂಗೆ ಹಾಕ್ದೆ.”

“ಟೂಬ್?”

“ಎಲ್ಲ ಬತ್ತ್,” ಎಂದು ಉಮಾನಾಥ ಗಿರಾಕಿಯ ಕಡೆ ತಿರುಗಿದರು.

ಬಂದದ್ದು ಬೋರ್ಡು. ಒಂದು ಭಾನುವಾರ ಬೆಳಿಗ್ಗೆ ಜೆಟ್ಟಿಯ ಮೇಲೆ ಒಂದೇ ಬಣ್ಣದ ಕೋಟು ತೊಟ್ಟ ಹದಿನೆಂಟು ಮಂದಿ, ಇಸ್ತ್ರಿ ಮುರಿಯದ ಸೀರೆಯ ಹೆಂಗಸರು, ಬಾಡಿಗೆ ಮೈಕು. ಮೀನಿನ ವಾಸನೆಗೆ ಹಲವರು ಕರವಸ್ತ್ರ ಹಿಡಿದಿದ್ದರು. ಕಬ್ಬಿಣದ ಎರಡು ಕಂಬಗಳ ನಡುವೆ, ಆಳೆತ್ತರಕ್ಕಿಂತ ದೊಡ್ಡ ಬೋರ್ಡು. ಮೇಲೆ ಒಂದೇ ಸಾಲು: ‘ನೀರು ಆಳವಿದೆ, ಎಚ್ಚರಿಕೆ.’ ಅದರ ಕೆಳಗೆ ಕೈಮುಗಿದ ಉಮಾನಾಥ, ಅತ್ತಿತ್ತ ಮಾಜಿ ಅಧ್ಯಕ್ಷ ಮತ್ತು ಖಜಾಂಚಿ, ಅವರ ಕೆಳಗೆ ಉಳಿದವರು. ಅಷ್ಟೂ ಮಂದಿ ನಗುತ್ತಿದ್ದರು.

ರಿಬ್ಬನ್ ಕತ್ತರಿಸಲು ಕತ್ತರಿ ಇಟ್ಟ ತಟ್ಟೆಯನ್ನು ಹಿಡಿದು ನಿಲ್ಲುವ ಗೌರವ ಗುಡ್ಡನದು ಎಂದು ಸುಧೀರ್ ಮೈಕಿನಲ್ಲಿ ಹೇಳಿದ. ಗುಡ್ಡ ತಟ್ಟೆ ಹಿಡಿದುಕೊಂಡು ಬೋರ್ಡಿನ ಹಿಂದೆ ಒಮ್ಮೆ ಇಣುಕಿದ. ಕಂಬದ ಬುಡವನ್ನು ನೋಡಿದ.

“ಟೂಬ್ ಎಲ್ಲಿತ್ತ್?”

“ಅದ್ ಎರಡನೇ ಹಂತ,” ಎಂದರು ಉಮಾನಾಥ ತುಟಿ ಅಲುಗಿಸದೆ. ಕ್ಯಾಮೆರಾ ಎದುರಿಗಿತ್ತು. “ಬಪ್ಪ ವರ್ಷದ್ ಅಧ್ಯಕ್ಷರ್ ಮಾಡ್ತ್ರ್. ಈಗ ನಗಿ.”

“ಬಳ್ಳಿ?”

“ಗುಡ್ಡಣ್ಣ, ಎದ್ರಿಗ್ ಕಾಣಿ.”

ಗುಡ್ಡ ಎದುರಿಗೆ ನೋಡಿದ. ಹೊಳೆ ಅವತ್ತಿನ ಹಾಗೆಯೇ ಇಳಿಯುತ್ತಿತ್ತು. ಅವನು ತಟ್ಟೆಯನ್ನು ಉಮಾನಾಥರ ಎರಡೂ ಕೈಗೆ ಕೊಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಈಗ ಉಮಾನಾಥರಿಗೆ ಕತ್ತರಿ ಎತ್ತಲು ಕೈ ಉಳಿದಿರಲಿಲ್ಲ. ತಟ್ಟೆಯನ್ನು ಇನ್ಯಾರು ಹಿಡಿಯಬೇಕು ಎಂಬ ಮಾತಿಗೆ ಮಾಜಿ ಅಧ್ಯಕ್ಷರಿಗೂ ಖಜಾಂಚಿಗೂ ಅಲ್ಲೇ ಸಣ್ಣ ತಕರಾರಾಯಿತು. ಬಿಸಿಲೇರಿದ ಮೇಲೆ ಹೇಗೋ ರಿಬ್ಬನ್ ಕತ್ತರಿಸಿ, ಚಾ ಕುಡಿದು ಎಲ್ಲರೂ ಕಾರು ಹತ್ತಿದರು. ಕಾಗದದ ಲೋಟಗಳು ಜೆಟ್ಟಿಯ ಮೇಲೆ ಉರುಳಾಡುತ್ತ ಒಂದೊಂದಾಗಿ ನೀರಿಗೆ ಬಿದ್ದವು.

ಮನೆಗೆ ಬಂದ ಗುಡ್ಡ ಅಟ್ಟ ಹತ್ತಿ, ಹಳೇ ಬಲೆಯ ಗಟ್ಟಿ ಬಳ್ಳಿಯನ್ನು ಕೆಳಗೆ ಹಾಕಿದ. ಸರಸ ಅದರ ಗಂಟುಗಳನ್ನು ಬಿಡಿಸಿದಳು. ಪರಿಚಯದ ಲಾರಿಯವನಿಂದ ಒಂದು ಟೂಬು ಸಿಕ್ಕಿತು. ಅದಕ್ಕೆ ತೇಪೆ ಹಾಕಿ, ಗಾಳಿ ತುಂಬಿ, ಬಳ್ಳಿ ಸುತ್ತಿ, ಸಂಜೆ ಇಬ್ಬರೂ ಜೆಟ್ಟಿಗೆ ಹೋದರು.

ಕಟ್ಟಲು ಅಲ್ಲಿದ್ದ ಗಟ್ಟಿ ಕಂಬ ಬೋರ್ಡಿನದ್ದೊಂದೇ. ಗುಡ್ಡ ಬೋರ್ಡಿನ ಮೇಲಿನ ಪಟ್ಟಿಗೆ ಒಂದು ತಂತಿ ಕಟ್ಟಿ, ಅದರ ತುದಿಯ ಕೊಕ್ಕೆಗೆ ಟೂಬನ್ನು ನೇತುಹಾಕಿದ.

“ಯಾರಾರೂ ಬಿಚ್ಕಂಡ್ ಹೋದ್ರೆ?” ಸರಸ ಕೇಳಿದಳು.

“ಮತ್ತೊಂದ್ ಕಟ್ಟುವ.”

ಸರಸ ಕೈಯೆತ್ತಿ ನೋಡಿದಳು. “ನಂಗೇ ಮುಟ್ಟುದಿಲ್ಲ. ಶಾಲಿ ಮಕ್ಳಿಗ್ ಹ್ಯಾಂಗ್ ಸಿಕ್ಕತ್ತ್?”

ಅವನು ತಂತಿ ಸಡಿಲಿಸಿ ಕೊಕ್ಕೆಯನ್ನು ಎರಡು ಮೊಳ ಕೆಳಗೆ ಇಳಿಸಿದ. ಮುಗಿದ ಕೈಗಳೂ ನಗುವ ಮುಖಗಳೂ ಕರಿ ರಬ್ಬರಿನ ಹಿಂದೆ ಹೋದವು. ಅದನ್ನು ಇಬ್ಬರೂ ಗಮನಿಸಲಿಲ್ಲ. ಗುಡ್ಡ ಹತ್ತು ಹೆಜ್ಜೆ ದೂರ, ಮಕ್ಕಳು ಜಾರಿದ ಜಾಗದಲ್ಲಿ ಹೋಗಿ ನಿಂತ.

“ತೆಗಿ ಕಾಂಬ,” ಎಂದ.

ಸರಸ ಟೂಬನ್ನು ಎಳೆದು ತೆಗೆದು, ಬಳ್ಳಿ ಬಿಡಿಸಿ ಅವನ ಕಾಲ ಬಳಿಗೆ ಎಸೆದಳು. ಅವನು ಬೆರಳಲ್ಲಿ ಎಣಿಸುತ್ತಿದ್ದ. ಹನ್ನೊಂದಕ್ಕೆ ನಿಲ್ಲಿಸಿ ತಲೆಯಾಡಿಸಿದ.

“ಇನ್ನೂ ಬೇಗ ಆಯ್ಕ್. ಮತ್ತೊಂದ್ ಸಲ.”

ಅವಳು ಸೆರಗು ಸಿಕ್ಕಿಸಿಕೊಂಡು ಟೂಬನ್ನು ಮತ್ತೆ ಕೊಕ್ಕೆಗೆ ಹಾಕಿದಳು.