ಅಕ್ಕ ಬಳಿದ ಗೆರೆ

ಬೆಟ್ಟದ ನೆತ್ತಿಗೆ ಹತ್ತಿರದಲ್ಲಿದ್ದ ನಮ್ಮ ಸಂಶೋಧನಾ ಕೇಂದ್ರವೆಂದರೆ ತಗಡಿನ ಮಾಡಿನ ಮೂರು ಕೋಣೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ; ಆ ತೆಳುಗಾಳಿಯಲ್ಲಿ ಮನುಷ್ಯನ ಮೈ ಏನು ಪಾಡುಪಡುತ್ತದೆ, ಹೇಗೆ ಒಗ್ಗಿಕೊಳ್ಳುತ್ತದೆ ಎಂದು ನೋಡುವುದು ಅಲ್ಲಿಯ ಕೆಲಸ. ವೈದ್ಯೆ ನನ್ನ ಅಕ್ಕ. ಯಂತ್ರಗಳು ಕೆಟ್ಟರೆ ಬಿಚ್ಚಿ ಕೂಡಿಸುವವನು ನಾನು. ಅಡುಗೆಯವನಿಗೆ ನಾವಿಟ್ಟ ಹೆಸರು ಕುಕ್ಕರ್. ಅಷ್ಟು ಎತ್ತರದಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಅವನಿಲ್ಲದೆ ನಮ್ಮ ಹೊಟ್ಟೆ ತುಂಬುವುದಿಲ್ಲ. ಸಾಲದ್ದಕ್ಕೆ ಮಾತು ಮುಗಿಸಿದಾಗಲೆಲ್ಲ ಅವನೂ ಒಂದು ಶಿಳ್ಳೆ ಹಾಕುತ್ತಿದ್ದ.

ಅಲ್ಲೊಂದು ಪದ್ಧತಿಯಿತ್ತು. ಊಟಕ್ಕೆ ಕೂರುವ ಮೊದಲು ಪ್ರತಿಯೊಬ್ಬರೂ ನೆಲದ ಮೇಲಿನ ಹಳದಿ ಗೆರೆಯ ಗುಂಟ, ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು ನಡೆಯಬೇಕು. ಸರಿಯಾಗಿ ನಡೆದರೋ ಇಲ್ಲವೋ ಎಂದು ಹೇಳುವವರು ಉಳಿದವರು. ‘ನಾನು ಚೆನ್ನಾಗಿದ್ದೀನಿ’ ಎಂದು ತನ್ನ ಪರವಾಗಿ ತಾನೇ ಹೇಳಿಕೊಳ್ಳುವ ಹಾಗಿಲ್ಲ. ಎತ್ತರದ ಕಾಯಿಲೆ ತಲೆಗೇರಿ ಮಿದುಳು ಬಾತುಕೊಂಡರೆ ಕಾಲು ತಪ್ಪುವ ಹೊತ್ತಿಗೆ ವಿವೇಕವೂ ತಪ್ಪಿರುತ್ತದೆ. ತಪ್ಪಿದ್ದು ತಪ್ಪಿದವರಿಗೇ ತಿಳಿಯುವುದಿಲ್ಲ. ಅದಕ್ಕೇ ಅಕ್ಕ ಈ ನಿಯಮ ಮಾಡಿದ್ದಳು. ಗೆರೆ ಬಳಿದವಳೂ ಅವಳೇ, ದಾರ ಹಿಡಿದು, ಮೊಣಕಾಲೂರಿ, ಒಂದಿಡೀ ಮಧ್ಯಾಹ್ನ.

ಆ ಸಲ ಅವಳು ಬಹಳ ದಿನ ಕೆಳಗಿನ ಪಟ್ಟಣದಲ್ಲಿದ್ದು ವಾಪಸು ಬಂದಳು. ನಡುದಾರಿಯ ತಂಗುಮನೆಯಲ್ಲಿ ನಿಂತು ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಬೇಕಿತ್ತು. ನಮಗೆಲ್ಲ ಹಾಗೆಂದು ಗದರುತ್ತಿದ್ದವಳು ತಾನು ಮಾತ್ರ ಒಂದೇ ಉಸಿರಿಗೆ ಹತ್ತಿ ಬಂದಿದ್ದಳು. ಆಮೇಲೆ ತಲೆನೋವು, ವಾಂತಿ. “ಪ್ರಯಾಣದ ಸುಸ್ತು ಕಣೋ,” ಎಂದವಳು ಊಟವೂ ಬೇಡವೆಂದು ಮಲಗಿಬಿಟ್ಟಳು.

ಮರುದಿನ ಮಧ್ಯಾಹ್ನ ಗೆರೆಯ ಮೇಲೆ ಕಾಲಿಟ್ಟವಳು ಪಕ್ಕಕ್ಕೆ ವಾಲಿ ಗೋಡೆ ಹಿಡಿದುಕೊಂಡಳು.

“ಇದನ್ನ ಎಳೆದೋರು ಯಾರು? ಗೆರೆ ಸೊಟ್ಟಗಿದೆ.”

“ಎಳೆದೋರ ಕೈಗೆ ಎರಡು ಬಾರಿಸಿ ಡಾಕ್ಟ್ರಮ್ಮ,” ಎಂದ ಕುಕ್ಕರ್, ಶಿಳ್ಳೆ ಹಾಕುತ್ತ. ನಾನೂ ನಕ್ಕೆ. ಅಕ್ಕ ನಗಲಿಲ್ಲ. ನಿಜವಾಗಿಯೂ ಒಂದು ಹೆಸರಿಗಾಗಿ ಕಾಯುತ್ತ ನಮ್ಮ ಮುಖ ನೋಡುತ್ತಿದ್ದಳು. ಕಾಯಿಲೆ ಅವಳ ತಲೆಗೇರಿತ್ತು.

ಅಂಥವರನ್ನು ಕೂಡಲೇ ಕೆಳಗಿಳಿಸಬೇಕು, ತಡವಾದರೆ ಜೀವಕ್ಕೇ ಸಂಚಕಾರ. ಹೊರಗೆ ನೋಡಿದರೆ ಮಂಜು ದಾರಿಯನ್ನೇ ನುಂಗಿತ್ತು. ಉಳಿದದ್ದು ಗಾಳಿಚೀಲ. ಆಳುದ್ದದ ಆ ಚೀಲದೊಳಗೆ ರೋಗಿಯನ್ನು ಮಲಗಿಸಿ, ಜಿಪ್ ಎಳೆದು, ಕಾಲಿನಿಂದ ಪಂಪು ಒತ್ತುತ್ತಿದ್ದರೆ ಒಳಗೆ ಗಾಳಿ ದಟ್ಟವಾಗುತ್ತದೆ.

“ಅಕ್ಕ, ಚೀಲದಲ್ಲಿ ಮಲಕ್ಕೋ ಬಾ.”

“ಡಾಕ್ಟ್ರು ನೀನೋ ನಾನೋ? ಚಿಕ್ಕೋನು ಚಿಕ್ಕೋನ ಥರ ಇರು.”

ಕೈ ಹಿಡಿದರೆ ಕೊಸರಿಕೊಂಡಳು. ಎಳೆದಾಡಿದರೆ ಇರುವ ಉಸಿರೂ ಖರ್ಚಾಗುತ್ತದೆ. ನಾನು ಅವಳೆದುರು ನೆಲದ ಮೇಲೆ ಕೂತೆ.

“ಆಯ್ತು, ನೀನೇ ಡಾಕ್ಟ್ರು. ಒಬ್ಬ ಹೆಂಗಸು ಬಂದಿದಾಳೆ ಅಂದ್ಕೋ. ಗೆರೆ ಸೊಟ್ಟ ಅಂತಾಳೆ. ಆ ಗೆರೆ ಬಳಿದಿದ್ದು ಅವಳೇ. ನೆನಪಿಲ್ಲ. ಏನ್ ಮಾಡ್ತೀಯ?”

ಅಕ್ಕ ಹಣೆ ಒತ್ತಿಕೊಂಡು ಯೋಚಿಸಿದಳು. ಕೊನೆಗೆ ಅವಳ ಹಳೆಯ ದನಿಯೇ ಬಂತು, ಆಳದ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ.

“ಕೇಳೋದೇನಿದೆ? ಮೊದಲು ಚೀಲಕ್ಕೆ ಹಾಕು. ಪಾಪ, ಯಾರವಳು?”

ನಾನು ಅವಳನ್ನೇ ನೋಡಿದೆ. ಅವಳು ನನ್ನ ಕಣ್ಣನ್ನೇ ನೋಡಿದಳು, ಆಮೇಲೆ ಗೆರೆಯನ್ನು. ಚಪ್ಪಲಿ ಬಿಟ್ಟು, ತಾನೇ ಚೀಲದೊಳಗೆ ಸರಿದು ಮಲಗಿದಳು.

ಇಂಥ ಹೊತ್ತಿಗೆಂದು ಅವಳೇ ಹೇಳಿಕೊಟ್ಟಿದ್ದ ಮಾತ್ರೆ ನುಂಗಿಸಿ ಜಿಪ್ ಎಳೆದೆ. ಪಂಪು ಒತ್ತಿದೆ. ನಾನು ದಣಿದರೆ ಕುಕ್ಕರ್, ಅವನು ದಣಿದರೆ ನಾನು. ಚೀಲ ಬಿಗಿಯಾಗಿ ಹೆಚ್ಚಿನ ಗಾಳಿ ಕುಕ್ಕರಿನ ಹಬೆಯಂತೆ ಸುಂಯ್ ಎಂದು ಹೊರಬಿತ್ತು. “ನಮ್ಮ ಜಾತೀದೇ ಇದು,” ಎಂದ ಕುಕ್ಕರ್, ಕಣ್ಣೊರೆಸಿಕೊಂಡು. ಶಿಳ್ಳೆ ಮಾತ್ರ ಹಾಕಲಿಲ್ಲ.

ಚೀಲದ ಪುಟ್ಟ ಕಿಟಕಿಯಲ್ಲಿ ಅಕ್ಕನ ಮುಖ. ತುಟಿ ನೇರಳೆಗಟ್ಟಿತ್ತು. ಜೊಂಪಿನಲ್ಲಿ ಉಸಿರು ಏರುತ್ತ ಹೋಗಿ, ಇಳಿದು, ನಿಂತೇ ಹೋಗುತ್ತಿತ್ತು. ನಿಂತ ಆ ಗಳಿಗೆಯಲ್ಲಿ ಜಗತ್ತೇ ನಿಂತಂತೆ. ಮತ್ತೆ ಯಾರೋ ಒಳಗಿನಿಂದ ಮೆಲ್ಲಗೆ ತಟ್ಟಿದ ಹಾಗೆ ಎದೆ ಏಳುತ್ತಿತ್ತು. ಅದಕ್ಕೆ ಕಾರಣವೇನೆಂದು ಅಕ್ಕ ನನಗೆ ಎಷ್ಟೋ ಸಲ ವಿವರಿಸಿದ್ದಳು. ರಕ್ತ, ನರ, ಮಿದುಳಿನ ಬುಡ, ಎಲ್ಲ ನಿಜ. ಆದರೂ ಆ ತಟ್ಟುವ ಕೈಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ನಾವು ಒಳಗೆ ತುಂಬುತ್ತಿದ್ದದ್ದು ಅದೇ ಕೋಣೆಯ ಗಾಳಿ, ಒಂದಿಷ್ಟು ಒತ್ತಿ, ಅಷ್ಟೆ. ಅಷ್ಟಕ್ಕೇ ಬೆಟ್ಟ ಅವಳೊಬ್ಬಳಿಗಾಗಿ ತಗ್ಗಿತು. ತುಟಿಗೆ ನಿಧಾನವಾಗಿ ಕೆಂಪು ಮರಳಿತು. ಉಸಿರು ಸಮವಾಯಿತು. ಕಣ್ಣು ತೆರೆದು ಕಿಟಕಿಯಲ್ಲಿ ನನ್ನನ್ನು ಗುರುತಿಸಿದಳು. ತುಟಿಯ ಆಡುವಿಕೆಯಿಂದಲೇ ತಿಳಿಯಿತು: “ನಾನೇ ಬಳಿದಿದ್ದು.”

ಮಂಜು ಹರಿದದ್ದೇ ತಡ, ಅವಳನ್ನು ಎಬ್ಬಿಸಿ ಹೊರಟೆವು. ಚೀಲದ ಉಪಕಾರ ಬಹಳ ಹೊತ್ತು ಬಾಳುವುದಿಲ್ಲ. ಕುಕ್ಕರ್ ಒಂದು ಕಡೆ, ನಾನು ಒಂದು ಕಡೆ ತೋಳು ಕೊಟ್ಟೆವು. ಬಾಗಿಲು ದಾಟುವಾಗ ಅಕ್ಕ ಗೆರೆಯನ್ನು ಮೆಟ್ಟದೆ ಬಳಸಿಕೊಂಡು ಬಂದಳು.

ತಂಗುಮನೆಗೆ ಇಳಿಯುವಷ್ಟರಲ್ಲಿ ಅವಳ ಹೆಜ್ಜೆ ಅವಳದಾಗಿತ್ತು. ಕಲ್ಲಿನ ಮೇಲೆ ಕೂತು ಒಮ್ಮೆ ಎದೆ ತುಂಬ ಎಳೆದುಕೊಂಡಳು.

“ಗಾಳಿ ದಪ್ಪಗಿದೆ ಕಣೋ. ತಟ್ಟೆಗೆ ಬಡಿಸ್ಕೊಂಡು ತಿನ್ನಬಹುದು.”

“ತಿನ್ನಿ ಡಾಕ್ಟ್ರಮ್ಮ, ಇವತ್ತು ಅಡುಗೆ ನಂದಲ್ಲ,” ಎಂದ ಕುಕ್ಕರ್.

ನಾವು ಮೂವರೂ ಕೂತೆವು, ಕರೆದು ಕೂರಿಸಿದ ಯಜಮಾನ ಬಡಿಸುತ್ತಲೇ ಇದ್ದಾಗ ಸಾಕು ಎನ್ನಲಾರದ ಅತಿಥಿಗಳ ಹಾಗೆ, ಉಸಿರಾಡುತ್ತ.