ಕ್ಯಾಮೆರಾಗೆ ಅಡ್ಡ

ಆ ವಾರ್ಡಿನಲ್ಲಿ ಮಕ್ಕಳಿಗೆ ಫಿಟ್ಸ್ ಬಂದರೆ ಹೆತ್ತವರು ಹಬ್ಬ ಮಾಡುತ್ತಾರೆ. ಯಾವ ಮಾತ್ರೆಗೂ ಬಗ್ಗದ ಕಾಯಿಲೆ. ತಲೆಬುರುಡೆ ತೆರೆದು ಅದರ ಬೇರು ಕತ್ತರಿಸಬೇಕಾದರೆ ಬೇರು ಎಲ್ಲಿದೆಯೆಂದು ಮೊದಲು ಗೊತ್ತಾಗಬೇಕು. ಅದಕ್ಕೇ ಮಾತ್ರೆ ನಿಲ್ಲಿಸಿ, ತಲೆಗೆ ತಂತಿ ಅಂಟಿಸಿ, ಹಾಸಿಗೆಯ ಎದುರು ಕ್ಯಾಮೆರಾ ಇಟ್ಟು, ಬರಲಿ ಬರಲಿ ಎಂದು ಕಾಯುತ್ತಾರೆ. ಫಿಟ್ಸ್ ಬಂದ ಮಗುವಿನ ಮನೆಯವರು ಎಲ್ಲರಿಗೂ ಡೋನಟ್ ಹಂಚಬೇಕು. ಕ್ಲೀವ್‌ಲ್ಯಾಂಡಿನ ಚಳಿಗಾಲದಲ್ಲಿ ಇನ್ನೇನು ಸಂಭ್ರಮ ಇರುತ್ತದೆ, ಹೇಳಿ.

ನನ್ನ ತಂಗಿ ಕೊಲೀನ್ ಬೇರೆಯವರ ಡೋನಟ್ ತಿಂದು ತಿಂದು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದಳು. ಅವಳ ಮಗ ಎಮೆಟ್‌ಗೆ ಆರು ವರ್ಷ. ಮನೆಯಲ್ಲಿ ದಿನವೂ ಬೀಳುತ್ತಿದ್ದವನು ಇಲ್ಲಿ ಗುಂಡುಕಲ್ಲಿನ ಹಾಗೆ ಕೂತು ಕಾರ್ಟೂನ್ ನೋಡುತ್ತಿದ್ದ.

ಕೊನೆಗೂ ಒಂದು ದಿನ "ಅಮ್ಮಾ, ಬರ್ತಿದೆ" ಅಂದ. ಅವಳು ಹಾರಿಹೋಗಿ ಮಗನನ್ನು ತಬ್ಬಿಕೊಂಡಳು. ತಾಯಿ, ಇನ್ನೇನು ಮಾಡಿಯಾಳು? ಆದರೆ ಕ್ಯಾಮೆರಾಗೆ ಸಿಕ್ಕಿದ್ದು ಅವಳ ಸ್ವೆಟರಿನ ಬೆನ್ನು ಮಾತ್ರ. ಎಳೆದಾಟದಲ್ಲಿ ತಂತಿಗಳೂ ಕಿತ್ತು ಬಂದಿದ್ದವು.

ನರ್ಸ್ ಲವಾನ್ ಸೊಂಟದ ಮೇಲೆ ಕೈಯಿಟ್ಟಳು. "ಏನಮ್ಮಾ, ನಿಮ್ ಬೆನ್ನಿಗೆ ಆಪರೇಷನ್ ಮಾಡ್ಬೇಕಾ ನಾವು?"

"ಅಳ್ತಿದ್ದ ಕಣ್ರೀ."

"ಅಳ್ಲಿ. ಅವ್ನನ್ನ ನಾನು ನೋಡ್ಕೋತೀನಿ. ನೀವು ಕೈ ಹಿಂದೆ ಕಟ್ಕೊಂಡು ಗೋಡೆ ಹತ್ರ ನಿಂತ್ಕೊಳ್ಳಿ. ಇನ್ನೊಂದ್ಸಲ ಹಿಂಗಾದ್ರೆ ಆಪರೇಷನ್ನೂ ಇಲ್ಲ, ಏನೂ ಇಲ್ಲ, ಮನೆಗೆ ಹೋಗ್ತಾ ಇರಿ."

ನಾನೂ ಬೈದೆ. "ಮುದ್ದು ಮಾಡೋಕೆ ಆಯಸ್ಸೆಲ್ಲ ಬಿದ್ದಿದೆ ಕಣೇ."

ಮರುದಿನ, ಫಿಟ್ಸ್ ಬೇಗ ಬರಲೆಂದು, ಹುಡುಗನನ್ನು ನಿದ್ದೆಗೆಡಿಸಿದರು. ಅವನು ರೆಪ್ಪೆ ಮುಚ್ಚಿದಾಗಲೆಲ್ಲ ಒದ್ದೆ ಬಟ್ಟೆ ಒತ್ತಿ ಎಬ್ಬಿಸಿದ್ದು ಕೊಲೀನೇ. ಮಧ್ಯಾಹ್ನ ಅವನ ಎಡಗೈ ಅದುರಿತು. ಬಲಗೈ ಚಾಚಿದ.

"ಅಮ್ಮಾ, ಹಿಡ್ಕೋ."

ಕೊಲೀನ್ ಗೋಡೆಗೆ ಒರಗಿ ಕೈ ಹಿಂದೆ ಕಟ್ಟಿ ನಿಂತಳು.

"ಅಮ್ಮಾ! ಹಿಡ್ಕೋ ಅಂದ್ನಲ್ಲ!"

ಕತ್ತು ತಾನಾಗಿ ತಿರುಗಿಹೋಗುವವರೆಗೂ ಅವಳನ್ನೇ ನೋಡುತ್ತಿದ್ದ. ಅವನನ್ನು ಹಿಡಿದಿದ್ದ ಲವಾನ್ ಮೆದುಳಿನ ಗೆರೆ ಮೂಡುವ ಪರದೆಯತ್ತ ಕಣ್ಣು ಹಾಯಿಸಿ, "ಆಹಾ, ಎಷ್ಟ್ ಚೆನ್ನಾಗಿ ಬಂತು!" ಅಂದಳು. ಸಂಜೆ ಡೋನಟ್ ಹಂಚಿದವಳು ನಾನು.

ಬೇರು ಸಿಕ್ಕಿತು, ಕತ್ತರಿಸಿದರು. ಆಮೇಲೆ ಒಂದು ಸಲವೂ ಫಿಟ್ಸ್ ಬರಲಿಲ್ಲ. ದೇವರು ದೊಡ್ಡವನು, ಡಾಕ್ಟರು ಅವನಿಗಿಂತ ದೊಡ್ಡವರು.

ಮನೆಗೆ ಹೊರಡುವ ದಿನ ಎಮೆಟ್‌ನ ಕಾಲು ಇನ್ನೂ ತಡವರಿಸುತ್ತಿತ್ತು. ಕೊಲೀನ್ ಕೈ ಚಾಚಿದಳು. ಅವನು ನನ್ನ ಬೆರಳು ಹಿಡಿದುಕೊಂಡ.

"ಬಾರೋ ಚಿನ್ನ, ಅಮ್ಮ ಹಿಡ್ಕೋತೀನಿ."

ಹುಡುಗನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೇಡ. ನೀನು ಗೋಡೆ ಹತ್ರ ನಿಂತ್ಕೋ."

ಬೆಪ್ಪಿ, ಹೋಗಿ ನಿಂತೇಬಿಟ್ಟಳು.